ಇಂಗುಗುಂಡಿ

ನಲ್ಲಿ ತಿರುಗಿಸಿದರೆ ನೀರಿನ ಬದಲು ಉಸ್ಸೆಂದು ಗಾಳಿ ಬಂತು. ಜಗನ್ನಾಥನಿಗೆ ಸಂತೋಷವಾಯಿತು. ಜೂನ್ ತಿಂಗಳ ದಿಲ್ಲಿಯ ಸೆಕೆಯಲ್ಲಿ, ವಸಂತ್ ಕುಂಜಿನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಬಾಯಿತುಂಬ ಪೇಸ್ಟಿನ ನೊರೆ ತುಂಬಿಕೊಂಡು ನಿಂತ ಐವತ್ತೇಳರ ಮನುಷ್ಯನಿಗೆ ಇದರಿಂದ ಸಂತೋಷವಾಗಬಾರದು; ಆದರೂ ಆಯಿತು. ಇನ್ನೊಂದು ಸುತ್ತು ತಿರುಗಿಸಿ, ಕೊಳವೆಯ ಹೊಟ್ಟೆಯಿಂದ ಏಳುವ ಆ ಒಣ ಏದುಸಿರನ್ನು ತಲೆ ವಾಲಿಸಿ ಕೇಳಿದ. ಪಕ್ಕದ ಸೆಕ್ಟರಿನಲ್ಲಿ ಸೋಮಶೇಖರರೂ ಈಗ ಎದ್ದಿರಬೇಕು. ಸಕ್ಕರೆ ಕಾಯಿಲೆಯ ಕಾಲನ್ನು ಎಳೆದುಕೊಂಡು ಬಚ್ಚಲಿಗೆ ಬಂದಿರಬೇಕು, ನಲ್ಲಿ ತಿರುಗಿಸಿರಬೇಕು, ಅವರಿಗೂ ಗಾಳಿಯೇ ಬಂದಿರಬೇಕು. 'ಈ ಕಾಲೊನಿಯವರು ಇನ್ನು ಮೇಲೆ ಟ್ಯಾಂಕರಿನ ಮುಖ ನೋಡುವುದಿಲ್ಲ, ಇದು ನನ್ನ ಮಾತು' ಎಂದು ಮೇಜು ಗುದ್ದಿದ್ದ ಆ ಕೈ ಈಗ ಖಾಲಿ ಬಕೆಟ್ಟಿನ ಹಿಡಿಕೆ ಹಿಡಿದು ನಿಂತಿರುವುದನ್ನು ಕಲ್ಪಿಸಿಕೊಂಡು ಅವನು ಕನ್ನಡಿಯಲ್ಲಿ ನಕ್ಕ. ನೊರೆ ಗಲ್ಲದ ಮೇಲೆ ಇಳಿಯಿತು. ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ಇವನದು ಹಾವಿಗಿಂತ ಎರಡು ವರ್ಷ ಹೆಚ್ಚಾಗಿತ್ತು.

"ರೀ, ನೀರಿನ ಇಲಾಖೆಯವರ ಮನೇಲೇ ನೀರಿಲ್ಲ ಅಂತ ಕೆಳಗಿನ ಮನೆ ಭಾಭಿ ಆಡ್ಕೊಂಡು ನಗ್ತಾಳೆ," ಎಂದು ಸರಳಾ ಬಚ್ಚಲಿನ ಬಾಗಿಲಿಗೆ ಬಂದು ನಿಂತಳು. "ನೀವು ನೋಡಿದ್ರೆ ನಲ್ಲಿ ಮುಂದೆ ನಿಂತ್ಕೊಂಡು ಹಲ್ಲು ಕಿರೀತಿದ್ದೀರಿ."

"ಹಲ್ಲು ಉಜ್ತಿದ್ದೀನಿ ಕಣೆ."

"ಉಜ್ಜೋ ಮುಖಾನಾ ಅದು?" ಅವಳು ಡ್ರಮ್ಮಿನಿಂದ ಒಂದು ಚೊಂಬು ನೀರು ಮೊಗೆದು ಕೊಟ್ಟಳು. "ಹೋಗಿ, ಇವತ್ತು ನಿಮ್ಮ ಗುಂಡಿ ಮುಚ್ಚಿಸಿ ಬನ್ನಿ. ಆಮೇಲಾದ್ರೂ ನೆಟ್ಟಗೆ ನಿದ್ದೆ ಮಾಡ್ತೀರೇನೋ ನೋಡೋಣ."

ಗುಂಡಿ ಅವನದಲ್ಲ, ಸೋಮಶೇಖರರದು. ಕಾಲೊನಿಯ ಹಿಂದಿನ ಕಲ್ಲುಗುಡ್ಡದಲ್ಲಿ ಕ್ವಾರಿಯವರು ಬಗೆದು ಬಿಟ್ಟುಹೋದ ದೊಡ್ಡ ದೊಡ್ಡ ಹೊಂಡಗಳಿದ್ದವು. ಮಳೆಗಾಲದಲ್ಲಿ ರಸ್ತೆಯ ಮೇಲೆ ಹರಿದು ಯಮುನೆಯ ಪಾಲಾಗುವ ನೀರನ್ನೆಲ್ಲ ಆ ಹೊಂಡಗಳಿಗೆ ತಿರುಗಿಸಿದರೆ, ಅದು ನೆಲಕ್ಕಿಳಿದು ಕಾಲೊನಿಯ ಕೊಳವೆ ಬಾವಿಗಳಲ್ಲಿ ಏಳುತ್ತದೆ ಎಂಬುದು ಆಗ ಇಲಾಖೆಯ ಮುಖ್ಯಸ್ಥರಾಗಿದ್ದ ಸೋಮಶೇಖರರ ಯೋಜನೆ. ಬತ್ತುತ್ತಿರುವ ದಿಲ್ಲಿಗೆ ಅದೊಂದೇ ದಾರಿ ಎಂದು ಅವರು ನಂಬಿದ್ದರು. ನಂಬಿದ್ದರು ಅನ್ನುವುದಕ್ಕಿಂತ, ಅವರಿಗೆ ಗೊತ್ತಿತ್ತು. ಗೊತ್ತಿರುವವರ ಎದುರು ನಿಲ್ಲುವುದು ಕಷ್ಟ. ಅವರ ಕೈಕೆಳಗೆ ಬಂಡೆ ನೋಡುವ ಕೆಲಸಕ್ಕಿದ್ದ ಜಗನ್ನಾಥ ಮಾತ್ರ ಗುಡ್ಡದ ಮೇಲೆ ಓಡಾಡಿ ಬಂದು, ಕಲ್ಲಿನ ಬಿರುಕುಗಳೆಲ್ಲ ಕಾಲೊನಿಯ ಕಡೆಗಲ್ಲ, ಗುಡ್ಡದ ಆಚೆಗೆ ವಾಲಿವೆ, ಆದ್ದರಿಂದ ನೀರು ನಾವೆಂದುಕೊಂಡ ಕಡೆ ಹೋಗುವುದು ಅನುಮಾನ ಎಂದು ಕಡತದ ಮೇಲೆ ನಾಲ್ಕು ಸಾಲು ಬರೆದ. ಮಾರನೆಯ ದಿನ ಕಡತ ವಾಪಸ್ಸು ಬಂತು. ಅವನ ನಾಲ್ಕು ಸಾಲಿನ ಪಕ್ಕ ದೊಡ್ಡ ಸಾಹೇಬರ ಹಸಿರು ಶಾಯಿಯಲ್ಲಿ ಎರಡೇ ಪದ: 'ಪ್ಲೀಸ್ ಸ್ಪೀಕ್.' ಸರ್ಕಾರದ ಭಾಷೆಯಲ್ಲಿ ಅದರರ್ಥ, ಬಂದು ಬಾಯಲ್ಲಿ ಮಾತಾಡು, ಬರೆದದ್ದನ್ನು ಬಾಯಲ್ಲಿ ಮುಗಿಸೋಣ ಎಂದು. ಆ ಎರಡು ಪದ ಬಿದ್ದ ಮೇಲೆ ಬದುಕುಳಿದ ಅನುಮಾನವನ್ನು ಇಲಾಖೆಯಲ್ಲಿ ಯಾರೂ ಕಂಡಿರಲಿಲ್ಲ.

ಆಟೋ ಔಟರ್ ರಿಂಗ್ ರೋಡಿಗೆ ತಿರುಗಿ ಹೌಜ್ ಖಾಸಿನ ಕಡೆ ಹೊರಟಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು. ಅವತ್ತು ಸೋಮಶೇಖರರ ಕೋಣೆಯಲ್ಲಿ ಕೂಲರಿತ್ತು, ಲಾವಂಚದ ವಾಸನೆಯಿತ್ತು. ಜಗನ್ನಾಥ ಗುಡ್ಡದಿಂದ ಒಂದು ಕಲ್ಲು ತೆಗೆದುಕೊಂಡು ಹೋಗಿದ್ದ, ಬಿಲ್ವದ ಕಾಯಿಯಷ್ಟು ದಪ್ಪದ ಕಲ್ಲು, ನಡುವೆ ಓರೆಯಾಗಿ ಒಂದು ಬಿರುಕು. ಶಾಯಿ ಹಾಕಿ ತೋರಿಸುತ್ತೇನೆ, ಮೇಲಿಂದ ಬಿಟ್ಟದ್ದು ನೇರ ಕೆಳಗಿಳಿಯದೆ ಪಕ್ಕದಿಂದ ಬರುತ್ತದೆ, ಎಂದೆಲ್ಲ ಹೇಳಬೇಕೆಂದು ಮೆಟ್ಟಿಲು ಹತ್ತುವಾಗ ಹೇಳಿಕೊಂಡಿದ್ದ. ಸೋಮಶೇಖರರು ಕಲ್ಲನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ ಮೇಜಿನ ಮೇಲಿಟ್ಟರು. ಹೆಂಡತಿ ಕೊಟ್ಟು ಕಳಿಸಿದ್ದ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. "ಶಾರದಮ್ಮನ ಕೈ ಕಾಫಿ ಕಣಯ್ಯಾ, ಕುಡಿ. ಈ ಊರಲ್ಲಿ ಎಲ್ಲಿ ಸಿಗುತ್ತೆ ಇಂಥ ಡಿಕಾಕ್ಷನ್ನು? ನೋಡು, ಕಡೂರಿನ ಹುಡುಗ ಅಂತ ಹೇಳ್ತಿದ್ದೀನಿ. ಮೇಲಿನವರಿಗೆ ಅನುಮಾನ ತೋರಿಸಿದ್ರೆ ಅವರು ದುಡ್ಡೂ ಕೊಡಲ್ಲ, ನಿನ್ನ ಬಡ್ತಿನೂ ಕೊಡಲ್ಲ. ಅನುಮಾನಂ ಪೆದ್ದ ರೋಗಂ. ಆ ಹಾಳೆ ತೆಗ್ದುಬಿಡು." ಕಾಫಿ ನಿಜವಾಗಿಯೂ ಚೆನ್ನಾಗಿತ್ತು. ದಿಲ್ಲಿಗೆ ಬಂದ ಮೇಲೆ ಕುಡಿದ ಮೊದಲ ಒಳ್ಳೆಯ ಕಾಫಿ ಅದು. ಅದರ ರುಚಿ ನಾಲಿಗೆಯ ಮೇಲಿರುವಾಗಲೇ ಅವನು ತನ್ನ ಕೈಯಾರೆ ಆ ಹಾಳೆಯನ್ನು ಕಿತ್ತು ತೆಗೆದ. ಕಲ್ಲನ್ನು ವಾಪಸ್ಸು ಕೇಳುವ ಧೈರ್ಯ ಬರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ಮರೆತುಬಿಡುತ್ತಿದ್ದ. ಆದರೆ ಯೋಜನೆಗೆ ಒಪ್ಪಿಗೆ ಕೊಡುವ ಸಭೆಯಲ್ಲಿ ಆಗಿನ ಅಧ್ಯಕ್ಷರು ಕನ್ನಡಕದ ಮೇಲಿಂದ ಇವನತ್ತ ನೋಡಿ, "ಜಗನ್ನಾಥ್ ಜೀ, ಸುನಾ ಹೈ ಆಪ್ಕೋ ಕುಛ್ ಶಂಕಾ ಹೈ?" ಎಂದರು. ಇವನು ಬಾಯಿ ತೆರೆಯುವ ಮೊದಲೇ ಸೋಮಶೇಖರರು, "ಲಘುಶಂಕಾ ಹೋಗೀ ಸರ್, ಬಾಹರ್ ಜಾಕೇ ಆ ಜಾಯೇಂಗೇ," ಎಂದರು, ಹೊರಗೆ ಹೋಗಿ ಮುಗಿಸಿ ಬರುತ್ತಾನೆ ಬಿಡಿ ಎನ್ನುವ ಹಾಗೆ. ಇಡೀ ಸಭೆ ನಕ್ಕಿತು. ಚಹಾ ಹಂಚುತ್ತಿದ್ದವನೂ ನಕ್ಕ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಜಗನ್ನಾಥನೂ ನಕ್ಕ. "ಏನೋ ಕಲ್ಲು ತಂದಿದ್ದೀರಂತೆ?" ಎಂದು ಅಧ್ಯಕ್ಷರು ಬಿಡದೆ ಕೇಳಿದಾಗ ಸೋಮಶೇಖರರು ಇವನನ್ನೇ ನೋಡುತ್ತಿದ್ದರು. "ಯಾವ ಕಲ್ಲು ಸಾರ್?" ಎಂದ ಜಗನ್ನಾಥ. ಆ ಧ್ವನಿ ಅವನಿಗೆ ಇವತ್ತಿಗೂ ಕೇಳಿಸುತ್ತದೆ, ಹಳೆಯ ಚಪ್ಪಲಿಯ ಕೀರಲಿನ ಹಾಗೆ. ಆಮೇಲೆ ಸೋಮಶೇಖರರು ನಿವೃತ್ತರಾಗುವ ತನಕ ಆ ಕಲ್ಲು ಅವರ ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಕೂತಿತ್ತು. ಅದರ ಕೆಳಗಿನಿಂದ ಕಾಗದ ಎಳೆದುಕೊಳ್ಳುವಾಗೆಲ್ಲ ಜಗನ್ನಾಥ ಅದನ್ನು ತನ್ನ ಕೈಯಿಂದಲೇ ಎತ್ತಿ, ಮತ್ತೆ ಅಲ್ಲೇ ಇಡಬೇಕಾಗುತ್ತಿತ್ತು.

"ಸಾಬ್, ಲೆಫ್ಟ್ ಯಾ ಸೀಧಾ?" ಎಂದ ಆಟೋದವನು.

"ಸೀಧಾ ಭಯ್ಯಾ, ಸೀಧಾ," ಎಂದು ಜಗನ್ನಾಥ ಬೇಕಾದ್ದಕ್ಕಿಂತ ಜೋರಾಗಿ ಹೇಳಿದ.

ಇವತ್ತು ಮೂರು ಗಂಟೆಗೆ ಆ ಗುಂಡಿಗಳ ತೀರ್ಪು. ಕಾಲೊನಿಯ ಕೊಳವೆ ಬಾವಿಗಳ ಮಟ್ಟ ವರ್ಷದಿಂದ ವರ್ಷಕ್ಕೆ ಇಳಿದದ್ದನ್ನು ಪರದೆಯ ಮೇಲೆ ತೋರಿಸುವವನು ಜಗನ್ನಾಥ. ಯೋಜನೆ ಪೂರ್ತಿ ವಿಫಲ ಎಂದು ಸಭೆ ಒಪ್ಪಿದರೆ ಮಳೆ ಬರುವುದರೊಳಗೆ ಹೊಂಡಗಳನ್ನು ಮಣ್ಣು ತುಂಬಿಸಿ ಮುಚ್ಚುತ್ತಾರೆ, ಜಾಗ ಮಾಲ್ ಕಟ್ಟುವವರಿಗೆ ಹೋಗುತ್ತದೆ. ಸೋಮಶೇಖರರನ್ನು ವಿಶೇಷ ಆಹ್ವಾನಿತರನ್ನಾಗಿ ಕರೆಯಬೇಕೆಂದು ಸೂಚಿಸಿದವನು ಇವನೇ. 'ಎಷ್ಟಾದರೂ ಹಿರಿಯರು, ಅವರ ಅನುಭವ ಬೇಕು' ಎಂದಿದ್ದ. ಬೇಕಾದದ್ದು ಅವರ ಮುಖ. ಪರದೆಯ ಬೆಳಕು ಆ ಮುಖದ ಮೇಲೆ ಬೀಳುವುದನ್ನು ನೋಡಬೇಕಿತ್ತು. ಹೇಳಬೇಕಾದ ಮಾತನ್ನೂ ಹಿಂದಿಯಲ್ಲಿ ತಿದ್ದಿ ತೀಡಿ ಇಟ್ಟುಕೊಂಡಿದ್ದ: 'ಹದಿನಾಲ್ಕು ವರ್ಷದ ಹಿಂದೆ ಹೊರಗೆ ಕಳಿಸಿದ ಶಂಕೆ ಇವತ್ತು ಒಳಗೆ ಬಂದಿದೆ ಸರ್.' ಸ್ನಾನ ಮಾಡುವಾಗ, ದೇವರ ದೀಪ ಹಚ್ಚುವಾಗ ಸಹ ಅದನ್ನು ಬಾಯಲ್ಲಿ ಆಡಿಸಿ ನೋಡುತ್ತಿದ್ದ. ಒಮ್ಮೆ ಮಗಳು ಧನ್ಯಾ ಕೇಳಿಸಿಕೊಂಡು, "ಪಪ್ಪಾ, ಯಾರ್ ಜೊತೆ ಮಾತಾಡ್ತಿದ್ದೀರಾ? ಆರ್ ಯೂ ಓಕೆ?" ಎಂದಿದ್ದಳು.

ಜೀವನವಿಡೀ ಅನುಮಾನಪಟ್ಟವನು ಅವನು. ಗ್ಯಾಸ್ ಆರಿಸಿದ್ದೇವೆಯೇ ಎಂದು ಮೆಟ್ಟಿಲಿಳಿದವನು ಮತ್ತೆ ಹತ್ತುವವನು, ಹೋಟೆಲಿನಲ್ಲಿ ದೋಸೆಯೋ ಇಡ್ಲಿಯೋ ಎಂದು ಮಾಣಿಯನ್ನು ನಿಲ್ಲಿಸಿಕೊಂಡು ಯೋಚಿಸುವವನು. ಇದೊಂದು ವಿಷಯದಲ್ಲಿ ಮಾತ್ರ ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಖಾತ್ರಿ ಇರುವುದೆಂದರೆ ಇಷ್ಟು ಹಗುರವೇ, ಇಷ್ಟು ಹಿತವೇ ಎಂದು ಈಚೆಗೆ ಅವನಿಗೇ ಆಶ್ಚರ್ಯವಾಗುತ್ತಿತ್ತು. ಸೋಮಶೇಖರರು ಬದುಕಿಡೀ ಈ ಸುಖದಲ್ಲೇ ಇದ್ದರಲ್ಲ ಎಂದು ಅದಕ್ಕೂ ಹೊಟ್ಟೆಕಿಚ್ಚಾಗುತ್ತಿತ್ತು.

ಆಫೀಸಿನಲ್ಲಿ ಸಿಂಚನಾ ಅವನ ಕೋಣೆಯ ಬಾಗಿಲಲ್ಲೇ ಕಾಯುತ್ತಿದ್ದಳು. ಹೊಸದುರ್ಗದ ಕಡೆಯ ಹುಡುಗಿ. ಇಲ್ಲೇ ಹತ್ತಿರದ ದೊಡ್ಡ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಓದಿ, ಕಾಂಟ್ರ್ಯಾಕ್ಟಿನ ಮೇಲೆ ಇವನ ಕೈಕೆಳಗೆ ಸೇರಿಕೊಂಡಿದ್ದಳು. ಮುಖ ಬಿಸಿಲಿಗೆ ಕೆಂಪಾಗಿತ್ತು, ಚಪ್ಪಲಿಗೆ ಮಣ್ಣು ಮೆತ್ತಿತ್ತು. ಒಳಗೆ ಬಂದವಳು ಹೆಗಲ ಚೀಲದಿಂದ ಲೇಬಲ್ ಕಿತ್ತ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಎಲ್ಲೀದಮ್ಮಾ ನೀರು?"

"ಭೈರೋಂಪುರದ್ದು ಸಾರ್. ಗುಡ್ಡದ ಆಚೆ ಒಂದು ಹಳ್ಳಿ ಇದ್ಯಲ್ಲ, ಅಲ್ಲಿಯ ಹಳೇ ಬಾವಿದು. ಕಿಟಕೀಗೆ ಹಿಡ್ದು ನೋಡಿ."

ಅವನು ಹಿಡಿದು ನೋಡಿದ. ಬಿಸಿಲು ಬಾಟಲಿಯನ್ನು ಹಾದು ಬಂದಾಗ ನೀರಿನಲ್ಲಿ ಒಂದು ಚೂರು ಹಸಿರು ಇಣುಕಿತು, ಇದೆಯೋ ಇಲ್ಲವೋ ಎನ್ನುವಷ್ಟು. ಕಳೆದ ಮಳೆಗಾಲದಲ್ಲಿ ಗುಂಡಿಗಳ ನೀರು ಎಲ್ಲಿ ಹೋಗುತ್ತದೆಂದು ನೋಡಲು ಅವರೇ ಅದಕ್ಕೆ ಹಸಿರು ಬಣ್ಣ ಸುರಿಸಿದ್ದರು. ಕಾಲೊನಿಯ ಒಂದು ಕೊಳವೆ ಬಾವಿಯಲ್ಲೂ ಬಣ್ಣ ಸಿಕ್ಕಿರಲಿಲ್ಲ. ಸಿಗದಿದ್ದಕ್ಕೆ ಜಗನ್ನಾಥ ಸಿಹಿ ತರಿಸಿ ಹಂಚಿದ್ದ, ಮಗಳಿಗೆ ಕಾಲೇಜು ಸೀಟು ಸಿಕ್ಕಿತೆಂದು ನೆಪ ಹೇಳಿ.

"ನಮ್ಮ ಅಳತೆ ಬಾವಿಗಳೆಲ್ಲ ಎಲ್ಲಿಂದ ದೂರು ಬಂತೋ ಅಲ್ಲೇ ಇದಾವೆ ಸಾರ್," ಎಂದಳು ಸಿಂಚನಾ. "ದೂರು ಬಂದ ಕಡೆ ಹೋಗಿ ಅಳೆಯೋದು ನಮ್ಮ ಪದ್ಧತಿ. ಭೈರೋಂಪುರದಿಂದ ಒಂದೇ ಒಂದು ದೂರು ಬಂದಿಲ್ಲ. ಯಾಕೆ ಬಂದಿಲ್ಲ ಅಂತ ಯಾರೂ ಕೇಳ್ಲಿಲ್ಲ. ಅಲ್ಲೊಬ್ರು ಅಜ್ಜಿ ಹೇಳಿದ್ರು, ಮೊದ್ಲು ಬಾವಿಗೆ ಎಷ್ಟು ಹಗ್ಗ ಬಿಟ್ರೂ ಸಾಲ್ತಿರ್ಲಿಲ್ವಂತೆ. ಈಗ ಬಗ್ಗಿ ನೋಡಿದ್ರೆ ಮುಖ ಕಾಣುತ್ತಂತೆ. ದೇವ್ರು ಕೊಟ್ಟ ಅಂದ್ಕೊಂಡಿದಾರೆ."

ಜಗನ್ನಾಥ ಬಾಟಲಿಯನ್ನು ಮೇಜಿನ ಮೇಲಿಟ್ಟ. "ಇದೊಂದು ಬಾಟ್ಲಿ ಇಟ್ಕೊಂಡು ಏನು ಹೇಳ್ತೀಯಾ?"

"ಖಾತ್ರಿ ಏನೂ ಹೇಳಕ್ಕಾಗಲ್ಲ ಸಾರ್. ಅದೇ ನಾನು ಹೇಳ್ತಿರೋದು. ವಿಫಲ ಅಂತಾನೂ ಖಾತ್ರಿಯಾಗಿ ಹೇಳಕ್ಕಾಗಲ್ಲ. ಇನ್ನೊಂದು ಮಳೆಗಾಲ ನೋಡ್ಬೇಕು. ಗುಂಡಿ ಮುಚ್ಚಿಬಿಟ್ರೆ ಆ ಹಳ್ಳಿಯವರಿಗೆ ಯಾಕೆ ಬಾವಿ ಬತ್ತಿತು ಅಂತಾನೂ ಗೊತ್ತಾಗಲ್ಲ."

"ನೀನು ಆ ಕಡೆ ಯಾಕೆ ಹೋದೆ? ಯಾರು ಹೇಳಿದ್ರು?"

"ನೀವೇ ಸಾರ್," ಎಂದಳು ಅವಳು. ನಗುತ್ತಿದ್ದಳು, ಮೇಷ್ಟರ ಲೆಕ್ಕವನ್ನು ಬಿಡಿಸಿಕೊಂಡು ಬಂದ ಹುಡುಗಿಯ ನಗು. "ಟ್ರೇನಿಂಗಲ್ಲಿ ಹೇಳಿದ್ರಲ್ಲ, ನೀರು ನಾವು ಹೇಳಿದ ಕಡೆ ಹೋಗಲ್ಲ, ಬಿರುಕು ಹೇಳಿದ ಕಡೆ ಹೋಗುತ್ತೆ ಅಂತ. ಆ ಬಿರುಕು ಎಲ್ಲಿಗೆ ಹೋಗುತ್ತೆ ಅಂತ ನೋಡ್ಕೊಂಡು ಹೋದೆ, ಭೈರೋಂಪುರ ಸಿಕ್ತು."

ತನ್ನ ಮಾತು. ತನ್ನ ಬಿರುಕು. ಹದಿನಾಲ್ಕು ವರ್ಷ ಎದೆಯಲ್ಲಿಟ್ಟುಕೊಂಡು ಸಾಕಿದ ಅನುಮಾನ ನಿಜವಾಗಿತ್ತು, ಅಕ್ಷರಶಃ ನಿಜವಾಗಿತ್ತು. ಅದು ನಿಜವಾದದ್ದರಿಂದಲೇ ಸೋಮಶೇಖರರೂ ನಿಜವಾಗಿಬಿಟ್ಟಿದ್ದರು. ನೀರು ಇಂಗಿತ್ತು. ಆ ಮುದುಕ ಮೇಜು ಗುದ್ದಿ ಹಟ ಹಿಡಿಯದಿದ್ದರೆ ಗುಂಡಿಗೆ ಒಂದು ಹನಿಯೂ ಇಳಿಯುತ್ತಿರಲಿಲ್ಲ. ತನ್ನ ಮಾತಿಗೆ ಕಿವಿಗೊಟ್ಟಿದ್ದರೆ ಅದು ಎಲ್ಲಿ ಎದ್ದಿತೆಂದು ಅದೇ ವರ್ಷ ಗೊತ್ತಾಗಿ, ಅಲ್ಲಿಂದ ಕಾಲೊನಿಗೂ ಕೊಳವೆ ಹಾಕಬಹುದಿತ್ತು. ಒಂದೇ ನೊಗಕ್ಕೆ ಬರಬೇಕಾಗಿದ್ದ ಎರಡು ಎತ್ತುಗಳು ಒಂದನ್ನೊಂದು ಹಾಯುತ್ತ ಕಾಲ ಕಳೆದಿದ್ದವು. ಇದೆಲ್ಲ ಅವನಿಗೆ ಒಂದೇ ಕ್ಷಣದಲ್ಲಿ ತಿಳಿಯಿತು. ತಿಳಿದ ಮರುಕ್ಷಣ, ಮೂರು ಗಂಟೆಗೆ ಪರದೆಯ ಬೆಳಕಿನಲ್ಲಿ ಆ ಮುಖ ಅರಳುವುದು ಕಂಡಿತು. 'ನಾನು ಹೇಳಿರಲಿಲ್ಲವೇ?' ಎಂದು ಮತ್ತೆ ಮೇಜು ಗುದ್ದುವ ಕೈ ಕಂಡಿತು. ಇಲ್ಲ. ಅದಾಗಬಾರದು. ಇನ್ನು ಮೂರು ವರ್ಷದಲ್ಲಿ ತಾನೂ ನಿವೃತ್ತನಾಗುತ್ತೇನೆ. ಇವತ್ತು ಬಿಟ್ಟರೆ ಇನ್ನೊಂದು ಇವತ್ತು ಇಲ್ಲ.

ಅವನು ಸರಳಾ ಕೊಟ್ಟು ಕಳಿಸಿದ್ದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. "ಕೂತ್ಕೋಮ್ಮಾ. ಬಿಸಿಲಲ್ಲಿ ಬಂದಿದ್ದೀಯಾ. ಕಾಫಿ ಕುಡಿ."

"ಪರ್ವಾಗಿಲ್ಲ ಸಾರ್..."

"ಕುಡಿ. ಮನೆ ಕಾಫಿ. ಈ ಊರಲ್ಲಿ ಎಲ್ಲಿ ಸಿಗುತ್ತೆ?" ಲೋಟ ಅವಳತ್ತ ಸರಿಸಿದ. "ನೋಡು, ನಮ್ಮ ಕಡೆ ಹುಡುಗಿ ಅಂತ ಹೇಳ್ತಿದ್ದೀನಿ..."

ಮಾತು ಅಲ್ಲಿಗೆ ನಿಂತಿತು. ಅದು ಯಾರ ವಾಕ್ಯವೆಂದು ಅವನಿಗೆ ಗೊತ್ತಾಗಿತ್ತು. ಸಿಂಚನಾ ಲೋಟ ಹಿಡಿದುಕೊಂಡು ಮುಂದಿನ ಮಾತಿಗೆ ಕಾಯುತ್ತಿದ್ದಳು. ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು, ನಕ್ಕು, ತಲೆ ಕೊಡವಿ, ನಡಿ, ಈ ಬಾಟಲಿಯನ್ನು ಸಭೆಗೆ ತೆಗೆದುಕೊಂಡು ಹೋಗೋಣ ಅನ್ನಬಹುದಿತ್ತು. ಅಷ್ಟಕ್ಕೆ ಬೇಕಾದ ಹೊತ್ತೂ ಇತ್ತು. ಆದರೆ ಸೇಡಿಗೂ ಒಂದು ಹಸಿವಿರುತ್ತದೆ, ಎಲೆ ಹಾಕಿ ಬಡಿಸಿದ ಮೇಲೆ ಅದು ಏಳುವುದಿಲ್ಲ. ಅವನು ಕಿಟಕಿಯತ್ತ ನೋಡುತ್ತ ವಾಕ್ಯವನ್ನು ಮುಗಿಸಿದ. "ನಿನ್ನ ಕಾಂಟ್ರ್ಯಾಕ್ಟು ಮುಂದಿನ ತಿಂಗಳು ಮುಗಿಯುತ್ತೆ. ಕೊನೇ ಗಳಿಗೇಲಿ ಒಂದು ಬಾಟ್ಲಿ ನೀರು ತಗೊಂಡು ಹೋಗಿ ಗೊಂದಲ ಮಾಡಿದ್ರೆ ಮೇಲಿನವರಿಗೆ ಹಿಡಿಸಲ್ಲ. ಇದನ್ನ ಈಗ ಒಳಗಿಡು. ಮೀಟಿಂಗ್ ಆದ್ಮೇಲೆ ಮಾತಾಡೋಣ."

"ಮೀಟಿಂಗ್ ಆದ್ಮೇಲೆ ಏನಿರುತ್ತೆ ಸಾರ್ ಮಾತಾಡಕ್ಕೆ?"

ಅವನು ಫ್ಲಾಸ್ಕಿನ ಮುಚ್ಚಳ ಬಿಗಿದ. ಅವಳು ಬಾಟಲಿಯನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಕಾಫಿಯನ್ನು ಮುಟ್ಟಿರಲಿಲ್ಲ. ತಾನು ಅವತ್ತು ಕುಡಿದಿದ್ದೆ ಎಂಬುದು ಜಗನ್ನಾಥನಿಗೆ ನೆನಪಾಯಿತು, ಕೊನೆಯ ಗುಟುಕಿನ ತನಕ.

ಊಟವಾದ ಮೇಲೆ ಬಾಗಿಲ ಬಳಿ ಕೋಲಿನ ಸದ್ದಾಯಿತು. "ಏನಯ್ಯಾ ಜಗನ್ನಾಥ, ಒಳಗೆ ಬರ್ಲಾ?"

ಒಳಗೆ ಬರಲೇ ಎಂದು ಯಾರನ್ನೂ ಕೇಳಿದವರಲ್ಲ ಸೋಮಶೇಖರರು. ಜಗನ್ನಾಥನಿಗೆ ಅರಿವಿಲ್ಲದೆಯೇ ಕಾಲುಗಳು ಎದ್ದು ನಿಂತವು; ಅದಕ್ಕಾಗಿ ಕಾಲುಗಳ ಮೇಲೆ ಸಿಟ್ಟು ಬಂತು. ಮುದುಕ ಬಹಳ ಇಳಿದುಹೋಗಿದ್ದರು. ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿತ್ತು. ಕೈಯಲ್ಲೊಂದು ಖಾದಿ ಚೀಲ, ಭಾರವಾದದ್ದೇನೋ ಅದರೊಳಗೆ. ಕುರ್ಚಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಉಸಿರು ಹಿಡಿತಕ್ಕೆ ಬರುವ ತನಕ ಕೋಣೆಯನ್ನು ನೋಡಿದರು. ಇದು ಒಂದು ಕಾಲಕ್ಕೆ ಅವರದೇ ಕೋಣೆ.

"ನೀನೇ ಕರೆಸಿದ್ದು ಅಂತ ಗೊತ್ತಾಯ್ತು. ಒಳ್ಳೇದು ಮಾಡ್ದೆ. ಇಲ್ಲಾಂದ್ರೆ ನಾನು ಇದನ್ನ ಹೇಳದೇ ಸತ್ತುಹೋಗ್ತಿದ್ದೆ." ಅವರು ಕೋಲಿನ ತುದಿಯನ್ನು ನೋಡುತ್ತ ಮಾತಾಡಿದರು. "ಇಷ್ಟು ವರ್ಷ ಟ್ಯಾಂಕರ್ ಲೈನಲ್ಲಿ ನಿಂತಿದ್ದೀನಿ ಕಣಯ್ಯಾ. ಸೆಕ್ಟರಿನ ಹುಡುಗ್ರು ನನ್ನ ಕಂಡ್ರೆ 'ಗಡ್ಢೇವಾಲೇ ಅಂಕಲ್' ಅಂತಾರೆ. ಗುಂಡಿ ತೋಡಿದ ಅಂಕಲ್. ಶಾರದಮ್ಮ ಬಕೆಟ್ ಹಿಡ್ಕೊಂಡು ಮೆಟ್ಲು ಹತ್ತೋವಾಗ ನನ್ನ ಮುಖ ನೋಡಲ್ಲ. ನೀನು ಅವತ್ತು ಹೇಳಿದ್ದೇ ಸರಿ. ನೀರು ಎಲ್ಲೋ ಹಾಳಾಗಿ ಹೋಯ್ತು. ನಾನು ಮೇಜು ಗುದ್ದಿ ಗುದ್ದಿ ಅಷ್ಟು ಜನರ ಬಾಯಿ ಮುಚ್ಚಿಸ್ದೆ."

ಈ ಮಾತು ಕೇಳಬೇಕೆಂದು ಜಗನ್ನಾಥ ಎಷ್ಟು ವರ್ಷ ಕಾದಿದ್ದ! ಈಗ ಅದು ತಾನಾಗಿ ಕಾಲ ಬುಡಕ್ಕೆ ಬಂದು ಬಿದ್ದಿತ್ತು, ಇನ್ನಷ್ಟು ಬೇಕೆನ್ನಿಸುತ್ತಿತ್ತು.

"ಆದ್ರೂ..." ಎಂದರು ಸೋಮಶೇಖರರು. ತಲೆಯೆತ್ತಿದರು. ಆ ಕಣ್ಣುಗಳಲ್ಲಿ ಜಗನ್ನಾಥ ಎಂದೂ ಕಂಡಿರದ ಒಂದು ಅಂಗಲಾಚುವಿಕೆ ಇತ್ತು. "ನಿನಗೆ ಏನಾದ್ರೂ ಅನುಮಾನ ಇದ್ಯೇನಯ್ಯಾ? ನೀನು ಯಾವುದನ್ನೂ ಹಾಗ್ಹಾಗೇ ಒಪ್ಪೋನಲ್ಲ. ಒಂದು ಚೂರಾದ್ರೂ? ಅಷ್ಟು ನೀರು ಇಳೀತು, ನಾನೇ ನಿಂತು ನೋಡಿದ್ದೀನಿ. ಎಲ್ಲೋ ಒಂದು ಕಡೆ, ಯಾರಿಗೋ ಒಬ್ಬರಿಗೆ..."

ಒಂದು ಮಾತು ಸಾಕಿತ್ತು. ಭೈರೋಂಪುರ ಎಂಬ ಒಂದೇ ಒಂದು ಪದ. ಮುದುಕ ಆ ಬಾವಿಯ ಕಟ್ಟೆಯ ಮೇಲೆ ಕೂತು ಅತ್ತುಬಿಡುತ್ತಿದ್ದರು. ಜಗನ್ನಾಥನ ಬಾಯಲ್ಲಿ ಆ ಪದ ಲಾಲಾರಸದ ಹಾಗೆ ಊರಿತು. ಅದನ್ನು ನುಂಗಿಕೊಳ್ಳುವಾಗ ಆದ ಸುಖ ಅವನು ಇಷ್ಟು ವರ್ಷ ಕಲ್ಪಿಸಿಕೊಂಡಿದ್ದ ಎಲ್ಲ ಸುಖಗಳಿಗಿಂತ ದೊಡ್ಡದಾಗಿತ್ತು.

"ಇಲ್ಲ ಸಾರ್," ಎಂದ. "ನನಗೆ ಯಾವ ಅನುಮಾನವೂ ಇಲ್ಲ."

ಸೋಮಶೇಖರರು ತಲೆಯಾಡಿಸಿದರು, ಎರಡು ಸಲ, ನಿಧಾನವಾಗಿ. ಇವನ ಹೊಟ್ಟೆ ತಣ್ಣಗಾಯಿತು.

ಆ ತಂಪು ಮೂರು ಗಂಟೆಯ ತನಕ ಉಳಿಯಿತು. ಸಭೆ ಶುರುವಾಗುತ್ತಿದ್ದಂತೆಯೇ ಸೋಮ​ಶೇಖರರು ಕೋಲೂರಿ ಎದ್ದು ನಿಂತು, ಪರದೆ ಬೇಡ, ಬೆಳಕು ಬೇಡ, ನಾನೇ ಹೇಳುತ್ತೇನೆ ಎಂದರು. ನಾನು ತಪ್ಪಿದ್ದೆ, ನನ್ನ ಕೆಳಗಿನ ಒಬ್ಬ ಹುಡುಗ ಅವತ್ತೇ ಎಚ್ಚರಿಸಿದ್ದ, ನಾನು ಅವನನ್ನು ಎಲ್ಲರೆದುರು ಹಾಸ್ಯ ಮಾಡಿ ಕೂರಿಸಿದೆ, ಅವನು ಇಲ್ಲೇ ಇದ್ದಾನೆ, ಅವನ ಕ್ಷಮೆ ಕೇಳುತ್ತೇನೆ, ಎಂದು ಸ್ವಲ್ಪ ತಡವರಿಸುವ ಹಿಂದಿಯಲ್ಲಿ ಹೇಳಿ ಕೈಮುಗಿದರು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಸೋತು ನಿಂತವರಿಗೆ ಇಷ್ಟು ದೊಡ್ಡ ಚಪ್ಪಾಳೆಯನ್ನು ಆ ಕೋಣೆ ಕಂಡಿರಲಿಲ್ಲ. 'ಕಿತ್ನೇ ಬಡೇ ಆದ್ಮೀ ಹೈಂ', ಎಂಥ ದೊಡ್ಡ ಮನುಷ್ಯರು, ಎಂದು ಪಕ್ಕದವರು ಜಗನ್ನಾಥನ ಕಿವಿಯಲ್ಲಿ ಉಸುರಿದರು. ತಿದ್ದಿ ತೀಡಿ ಇಟ್ಟುಕೊಂಡಿದ್ದ ಅವನ ವಾಕ್ಯ ಬಾಯಲ್ಲೇ ಹುಳಿಯಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇದು ಬಾಯಿಗೆ ಬಂದಿತ್ತು, ರುಚಿ ಮಾತ್ರ ಇರಲಿಲ್ಲ.

ಈಗಿನ ಅಧ್ಯಕ್ಷರು ಹೆಂಗಸು, ಚುರುಕಿನವರು. ಕಡತ ಮುಚ್ಚುವ ಮೊದಲು ಅವರು ಮೇಜಿನ ಈ ತುದಿಯತ್ತ ನೋಡಿದರು. "ಜಗನ್ನಾಥ್ ಜೀ, ನೀವು ಎಲ್ಲದಕ್ಕೂ ಒಂದು ಆದರೆ ಸೇರಿಸುವವರು. ಇವತ್ತು?"

ಗೋಡೆಯ ಬದಿಯ ಕುರ್ಚಿಯಲ್ಲಿ ಸಿಂಚನಾ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಅವಳು ಇವನನ್ನೇ ನೋಡುತ್ತಿದ್ದಳು. ಹೇಳಿದರೆ, ಬೆಳಿಗ್ಗೆಯಿಂದ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಈಗಷ್ಟೇ ಕೈಮುಗಿದು ಕೂತ ಮುದುಕನಿಗೆ ಅರ್ಧ ಗಂಟೆಯ ಹಿಂದೆ ಏನೆಂದೆ ಎಂಬುದೂ ಹೊರಬೀಳುತ್ತದೆ. ಅವನು ಇಲ್ಲವೆಂದು ತಲೆಯಲ್ಲಾಡಿಸಿದ.

"ನೋಡಿ ಮತ್ತೆ," ಎಂದು ಅಧ್ಯಕ್ಷರು ನಕ್ಕರು. "ಜಗನ್ನಾಥರಿಗೇ ಅನುಮಾನವಿಲ್ಲ ಎಂದ ಮೇಲೆ ಇನ್ನೇನು ಚರ್ಚೆ? ಮಳೆಗೆ ಮೊದಲು ಮುಚ್ಚಿಸಿ."

ಹಾಗೆ ಮುಗಿಯಿತು. ಬಾವಿಯ ಮಟ್ಟಗಳನ್ನು ಯಾರೂ ನೋಡಲಿಲ್ಲ. ಜೀವಮಾನವಿಡೀ ಅನುಮಾನಪಟ್ಟು ಅವನು ಸಂಪಾದಿಸಿದ್ದ ಹೆಸರೊಂದೇ ಸಾಕ್ಷಿಯಾಯಿತು, ಗುದ್ದಿದ ಮೇಜಿಗಿಂತ ಗಟ್ಟಿಯಾದ ಸಾಕ್ಷಿ.

ಕಾರಿಡಾರಿನಲ್ಲಿ ಜನ ಸೋಮಶೇಖರರ ಕೈ ಕುಲುಕುತ್ತಿದ್ದರು. ಅವರು ಜನರನ್ನು ಬಿಡಿಸಿಕೊಂಡು ಇವನ ಬಳಿ ಬಂದರು, ಚೀಲದಿಂದ ಆ ಕಲ್ಲನ್ನು ತೆಗೆದರು. ಬಿಲ್ವದ ಕಾಯಿಯಷ್ಟು ದಪ್ಪದ್ದು, ನಡುವೆ ಓರೆ ಬಿರುಕು. ಇಷ್ಟು ವರ್ಷ ಕೈಯಾಡಿ ಮೇಲ್ಮೈ ನುಣುಪಾಗಿತ್ತು. "ನಿನ್ನದು. ರಿಟೈರಾದಾಗ ಮನೇಗೆ ತಗೊಂಡು ಹೋಗಿದ್ದೆ. ದಿನಾ ನೋಡ್ತಿದ್ದೆ." ಕಲ್ಲನ್ನು ಇವನ ಅಂಗೈಯಲ್ಲಿಟ್ಟು, ಎರಡೂ ಕೈಗಳಿಂದ ಬೆರಳುಗಳನ್ನು ಮಡಿಸಿದರು. "ಒಂದು ಮಾತು ಕೇಳ್ಲೇನಯ್ಯಾ? ಅವತ್ತು ನಿನ್ನ ಆ ಹಾಳೆ ಯಾಕೆ ವಾಪಸ್ ತಗೊಂಡೆ? ಬಂದು ಮಾತಾಡು ಅಂತ ಬರೆದಿದ್ದೆ. ನೀನು ಬಂದೆ, ಕಾಫಿ ಕುಡಿದೆ, ಹೋದೆ. ಮಾತೇ ಆಡ್ಲಿಲ್ಲ. ಒಂದೇ ಒಂದು ಸಲ ನನ್ನ ಮೇಜು ನೀನೂ ಗುದ್ದಿದ್ರೆ ನಾನು ಕೇಳ್ತಿದ್ದೆನೋ ಏನೋ."

ಸುಳ್ಳು. ಕೇಳುತ್ತಿರಲಿಲ್ಲ. ಅಥವಾ ಕೇಳುತ್ತಿದ್ದರೇ? ಬೆಳಗಿನಿಂದ ಕಾಣದೆ ಹೋಗಿದ್ದ ಅನುಮಾನ ಈಗ ಬಂದು ಎದುರು ನಿಂತಿತು. ಕೋಲಿನ ಸದ್ದು ಲಿಫ್ಟಿನ ಕಡೆ ಹೋಯಿತು. ಇನ್ನು ಮನೆಗೆ ಹೋಗಿ ಶಾರದಮ್ಮನಿಗೆ, ತಪ್ಪು ಒಪ್ಪಿಕೊಂಡು ಬಂದೆ ಕಣೇ ಎನ್ನುತ್ತಾರೆ. ಮಾಡದ ತಪ್ಪನ್ನು ಹೊತ್ತುಕೊಂಡೇ ಸಾಯುತ್ತಾರೆ. ಗುಡ್ಡದ ಆಚೆ ಒಬ್ಬ ಅಜ್ಜಿ ಮುಂದಿನ ಬೇಸಿಗೆಯಲ್ಲಿ ಬಾವಿಗೆ ಬಗ್ಗಿ ತನ್ನ ಮುಖವನ್ನು ಹುಡುಕುತ್ತಾಳೆ. ಕಲ್ಲು ಅಂಗೈಯಲ್ಲಿ ಬೆಚ್ಚಗಿತ್ತು. ಇನ್ನೂ ತಡವಾಗಿಲ್ಲ ಎಂದುಕೊಂಡ. ಅಧ್ಯಕ್ಷರು ಒಳಗೇ ಇದ್ದಾರೆ, ಲಿಫ್ಟು ಇನ್ನೂ ಬಂದಿಲ್ಲ. ಆ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟರೆ ಸಾಕು. ತಾನು ಮಾತಾಡಬೇಕಾಗಿಯೂ ಇಲ್ಲ, ಅದೇ ಮಾತಾಡುತ್ತದೆ.

ಸಿಂಚನಾ ಗೋಡೆಗೊರಗಿ ನಿಂತಿದ್ದಳು. ಅವನು ಹೆಚ್ಚುಕಡಿಮೆ ಓಡಿದ.

"ಸಿಂಚನಾ, ಆ ಬಾಟ್ಲಿ ಕೊಡಮ್ಮಾ. ಬೇಗ."

ಅವಳು ನೆಟ್ಟಗೆ ನಿಂತಳು. ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬೆಳಗಿನ ಆ ನಗು ಮುಖದ ಮೇಲೆ ಎಲ್ಲೂ ಇರಲಿಲ್ಲ. ಅದರ ಜಾಗದಲ್ಲಿ ಇದ್ದದ್ದನ್ನು ಅವನು ಕೂಡಲೇ ಗುರುತಿಸಿದ, ಅಷ್ಟು ವರ್ಷ ಕನ್ನಡಿಯಲ್ಲಿ ನೋಡಿದ್ದನಲ್ಲ. ಆ ಹಗೆಗೆ ಇವತ್ತು ಮೊದಲನೆಯ ದಿನ.

"ಯಾವ ಬಾಟ್ಲಿ ಸಾರ್?" ಎಂದಳು ಅವಳು, ಬಹಳ ವಿನಯದಿಂದ.